ಒಂದು ಅರ್ಜಿ, ಎರಡು ಉತ್ತರ

ಸಾಲ್ಟ್‌ಮೋರ್, ಹ್ಯಾಂಪ್‌ಶೈರ್
ಏಪ್ರಿಲ್ 3, 1628

ತಮ್ಮ ಆಂಬ್ರೋಸ್,

ನೀನು ಲಂಡನ್ನಿನಲ್ಲಿದ್ದೀಯ, ಅಲ್ಲಿ ಪಾರ್ಲಿಮೆಂಟು ಕೂಡಿದೆಯಂತೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನನ್ನ ಮನೆ ನನ್ನದು ಹೌದೋ ಅಲ್ಲವೋ?

ಫ್ರೆಂಚರ ದ್ವೀಪದಲ್ಲಿ ಸೋತು ಬಂದ ದಂಡನ್ನು ರಾಜರು ಕರಾವಳಿಯ ಮನೆಮನೆಗೂ ಹಂಚಿದ್ದು ನಿನಗೆ ಗೊತ್ತೇ ಇರುತ್ತದೆ. ನನ್ನ ಪಾಲಿಗೆ ಇಬ್ಬರು ಬಂದರು. ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ ನಮ್ಮ ತಳವಾರ ಹಂಫ್ರೆ ಬೀಲ್ ಬಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "2" ಎಂದು ಬರೆದ.

"ಇದೇನೋ ಹಂಫ್ರೆ, ನನ್ನ ಬಾಗಿಲೇನು ಲೆಕ್ಕ ಬರೆಯೋ ಪೀಪಾಯಿಯ ಮುಚ್ಚಳವಾ?" ಎಂದೆ.

"ರಾಜರ ಅಪ್ಪಣೆ ಡೋರ್ಕಸ್. ನಾನೇನ್ ಮಾಡ್ಲಿ?"

"ನಿನ್ನ ಮನೆಗೆ ಎಷ್ಟು ಜನ?"

"ನಾನು ತಳವಾರ ಅಲ್ವಾ," ಎಂದು ಹೇಳಿ ಸುಣ್ಣವನ್ನು ಜೇಬಿಗೆ ಹಾಕಿಕೊಂಡು ಹೋದ.

ಒಬ್ಬನ ಹೆಸರು ಪಾಸ್ಕೊ. ಕಾರ್ನ್‌ವಾಲಿನವನು, ಬಾಯಿ ತೆಗೆದರೆ ಮುಚ್ಚುವುದಿಲ್ಲ. "ಯಜಮಾನಿ, ಈ ಗಂಜೀಲಿ ಬಟಾಣಿ ಕಂಡ್ರೆ ನಂಗೂ ಒಂದ್ ಕೂಗು ಹಾಕು" ಅನ್ನುತ್ತಾನೆ. ಇನ್ನೊಬ್ಬ ಮೆರೆಡಿತ್, ವೇಲ್ಸಿನ ಬೆಟ್ಟದವನು. ಮುಂಚೆ ದನ ಹೊಡೆದುಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದನಂತೆ. ನಲವತ್ತು ದಾಟಿರಬೇಕು. ನಮ್ಮ ಮಾತು ಅವನಿಗೆ ಹತ್ತಿಪ್ಪತ್ತು ಶಬ್ದ ಬರುತ್ತದೆ, ಅದರಲ್ಲಿ ಅರ್ಧ ಬೈಗುಳ, ದಂಡಿನಲ್ಲಿ ಕಲಿತದ್ದು. ಒಲೆಯ ಪಕ್ಕ ಕೂತು ನಮ್ಮತ್ತೆಯನ್ನೇ ನೋಡುತ್ತಿರುತ್ತಾನೆ.

ಅತ್ತೆ ಹಾಗೆಯೇ ಇದ್ದಾಳೆ. ನನ್ನ ಗಂಡ ರಾಬಿನ್ ಪ್ಲೇಗಿನಲ್ಲಿ ಹೋದ ಮೇಲೆ ಅವಳ ಬುದ್ಧಿ ನೆಲೆಯಲ್ಲಿಲ್ಲ. ಚಳಿಗಾಲವಿಡೀ ಎರಡು ತುತ್ತಿಗಿಂತ ಹೆಚ್ಚು ತಿಂದಿಲ್ಲ. ನಾನು ಹಾಯಿ ಹೊಲಿಯುವ ಕೋಣೆಯಲ್ಲೇ ಇವರಿಬ್ಬರೂ ಮಲಗುತ್ತಾರೆ. ದಾರ ಎಳೆಯಲೂ ಜಾಗವಿಲ್ಲ.

ಇವರನ್ನು ಹೊರಗೆ ಹಾಕುವ ದಾರಿ ಏನಾದರೂ ಇದೆಯೇ, ವಿಚಾರಿಸಿ ಬರೆ.

ನಿನ್ನ ಅಕ್ಕ
ಡೋರ್ಕಸ್


ಲಂಡನ್
ಏಪ್ರಿಲ್ 19, 1628

ಪ್ರೀತಿಯ ಅಕ್ಕ,

ಮನೆ ನಿನ್ನದೇ. ಅದನ್ನು ರಾಜರಿಗೆ ಹೇಳುವುದು ಹೇಗೆ ಎಂದೇ ಪಾರ್ಲಿಮೆಂಟಿನಲ್ಲಿ ನಾನೂರು ಜನ ಗಂಟಲು ಹರಿದುಕೊಳ್ಳುತ್ತಿದ್ದಾರೆ. ನಾಲ್ಕು ದೂರು ಅವರದು. ಪಾರ್ಲಿಮೆಂಟು ಒಪ್ಪದೆ ತೆರಿಗೆ ಎತ್ತುತ್ತಾರೆ. ಕಾರಣ ಹೇಳದೆ ಜನರನ್ನು ಸೆರೆಗೆ ಹಾಕುತ್ತಾರೆ. ಮನೆಗಳಿಗೆ ದಂಡು ನುಗ್ಗಿಸುತ್ತಾರೆ. ನಾಲ್ಕನೆಯದು ನಿನಗೆ ಬೇಕಾಗಿಲ್ಲ ಬಿಡು, ಅದು ದಂಡಿನವರ ಗೋಳು. ನಾನೂರು ವರ್ಷದ ಹಿಂದೆ ಒಬ್ಬ ರಾಜನ ಕೈಯಲ್ಲಿ ಬರೆಸಿಕೊಂಡ ದೊಡ್ಡ ಸನ್ನದೊಂದಿದೆಯಂತೆ. ಮುದುಕ ವಕೀಲರು ಅದನ್ನು ಪೆಟ್ಟಿಗೆಯಿಂದ ತೆಗೆದು ಧೂಳು ಕೊಡವುತ್ತಿದ್ದಾರೆ.

ಎಲ್ಲ ಸೇರಿ ಒಂದು ಅರ್ಜಿಯಾಗುತ್ತದೆ. ರಾಜರು ಒಪ್ಪಿದರೆ ಅಚ್ಚು ಹಾಕುವುದು ನಮ್ಮ ಅಚ್ಚುಕೂಟದಲ್ಲೇ. ಅಂದರೆ ಅಚ್ಚಿನ ಅಕ್ಷರದ ಮೊಳೆ ಜೋಡಿಸುವವನು ನಿನ್ನ ತಮ್ಮನೇ! ಮೊದಲ ಹಾಳೆ ನಿನಗೆ.

ಅಲ್ಲಿಯವರೆಗೆ ಆ ಮಾತಾಡದವನ ಮೇಲೆ ಕಣ್ಣಿಡು. ಮುದುಕಿಯನ್ನು ನೋಡುತ್ತಾ ಕೂರುತ್ತಾನೆಂದರೆ ಅವಳ ಹಾಸಿಗೆಯ ಕೆಳಗೆ ಏನಿದೆ ಎಂದು ಲೆಕ್ಕ ಹಾಕುತ್ತಿದ್ದಾನೆ. ಬಾಯಿಬಡುಕನನ್ನು ನಂಬಬಹುದು, ಮೂಕನನ್ನು ನಂಬಬಾರದು.

ನಿನ್ನ ತಮ್ಮ
ಆಂಬ್ರೋಸ್


ಸಾಲ್ಟ್‌ಮೋರ್
ಮೇ 20, 1628

ತಮ್ಮ ಆಂಬ್ರೋಸ್,

ನೀನು ನಂಬು ಎಂದ ಬಾಯಿಬಡುಕ ನನ್ನ ಎರಡು ಕೋಳಿಗಳ ಜೊತೆ ಹೋದ. ದೂರ ಏನಲ್ಲ, ಬೀದಿಯ ಕೊನೆಯ ಹೆಂಡದಂಗಡಿಗೆ. ಅಲ್ಲಿ ಊಟ ಚೆನ್ನಾಗಿದೆ ಎಂದು ಅವರ ದಂಡಿನ ಕ್ಯಾಪ್ಟನ್ ಡೆನ್ನಿಗೆ ಹೇಳಿ ವಾಸ ಬದಲಾಯಿಸಿಕೊಂಡ. ಕೋಳಿ ಕೇಳಿದ್ದಕ್ಕೆ, "ಅವು ನನ್ನ ಹಿಂದೇನೇ ಬಂದ್ಬಿಟ್ವು ಯಜಮಾನಿ, ನಿನ್ನ ಮನೇಲಿ ಅವಕ್ಕೂ ಹೊಟ್ಟೆ ತುಂಬ್ತಿರ್ಲಿಲ್ಲ" ಎಂದ.

ಇನ್ನೊಬ್ಬ ಇಲ್ಲೇ ಇದ್ದಾನೆ.

ಅತ್ತೆ ಈಗ ಎರಡು ಹೊತ್ತು ಊಟ ಮಾಡುತ್ತಾಳೆ. ಕೆನ್ನೆ ತುಂಬಿಕೊಂಡಿದೆ. ಅದಕ್ಕೆ ಕಾರಣ ಬೇರೆಯೇ ಇದೆ, ಆಮೇಲೆ ಬರೆಯುತ್ತೇನೆ.

ಅರ್ಜಿ ಏನಾಯಿತು? ಬೇಗ ಬಂದರೆ ಒಳ್ಳೆಯದು. ತಡವಾದರೂ ನಾವು ಸಾಯುವುದಿಲ್ಲ.

ಡೋರ್ಕಸ್


ಲಂಡನ್
ಜೂನ್ 9, 1628

ಪ್ರೀತಿಯ ಅಕ್ಕ,

ಗೆದ್ದೆವು! ಅಥವಾ ಗೆದ್ದೆವು ಎಂದುಕೊಂಡಿದ್ದೇವೆ. ಇರು, ಮೊದಲಿಂದ ಹೇಳುತ್ತೇನೆ, ನನಗೇ ತಲೆ ಗಿರ್ರೆನ್ನುತ್ತಿದೆ.

ಹೋದ ಸೋಮವಾರ ಅರ್ಜಿ ರಾಜರ ಮುಂದೆ ಹೋಯಿತು. ಅವರು ಉತ್ತರ ಕೊಟ್ಟರು. ರಾಜ್ಯದ ಕಾನೂನು, ಸಂಪ್ರದಾಯಗಳಂತೆ ನ್ಯಾಯ ನಡೆಯಲಿ, ಪ್ರಜೆಗಳು ದೂರುವಂತಾಗದಿರಲಿ, ಇತ್ಯಾದಿ. ಕೇಳಲು ಇಂಪಾಗಿದೆ. ಆದರೆ ಹೌದೋ ಅಲ್ಲವೋ? ಯಾರಿಗೂ ತಿಳಿಯಲಿಲ್ಲ. ಗಡ್ಡ ನರೆತ ಗಂಡಸರು ಸಭೆಯಲ್ಲಿ ಕೂತು ಅತ್ತರಂತೆ. ಶನಿವಾರ ರಾಜರು ಮತ್ತೆ ಬಂದು, ಹಿಂದಿನವರು ಮಸೂದೆಗಳಿಗೆ ಒಪ್ಪಿಗೆ ಕೊಡುವಾಗ ಹೇಳುತ್ತಿದ್ದ ಹಳೆಯ ಫ್ರೆಂಚ್ ಮಾತನ್ನೇ ಹೇಳಿದರು. "ಕೇಳಿದಂತೆಯೇ ನ್ಯಾಯವಾಗಲಿ" ಎಂದು ಅದರ ಅರ್ಥ.

ಆಮೇಲೆ ನೋಡು! ಎಲ್ಲ ಚರ್ಚಿನ ಗಂಟೆ, ಬೀದಿಬೀದಿಗೆ ಬೆಂಕಿ, ಬಿಯರು. ಒಬ್ಬನನ್ನು ನಿಲ್ಲಿಸಿ, "ಏನಪ್ಪಾ ಇಷ್ಟು ಸಂಭ್ರಮ?" ಎಂದು ಕೇಳಿದೆ. "ಗೊತ್ತಿಲ್ವಾ? ಡ್ಯೂಕನ್ನ ಕೋಟೆಯ ಸೆರೆಗೆ ಹಾಕಿದ್ರಂತೆ!" ಎಂದ. ಊರೆಲ್ಲ ಶಪಿಸುವ, ರಾಜರ ಬಲಗೈಯಾದ ಆ ಡ್ಯೂಕ್ ಸೆರೆಗೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ನಾನು ಅರ್ಜಿಯ ವಿಷಯ ಹೇಳಿದೆ. "ಯಾವ ಅರ್ಜಿ?" ಎಂದು ನನಗೂ ಒಂದು ಲೋಟ ಬಿಯರು ಕೊಟ್ಟು ಹೋದ.

ಅರ್ಧ ಊರು ಆಗದೇ ಇದ್ದ ಸಂಗತಿಗೆ ಕುಣಿಯಿತು. ಇರಲಿ, ಆದ ಸಂಗತಿಯೂ ಇದೆ. ನಿನ್ನ ಹಾಳೆ ಬರುತ್ತದೆ.

ಆಂಬ್ರೋಸ್


ಲಂಡನ್
ಜೂನ್ 20, 1628

ಅಕ್ಕ,

ಇದರ ಜೊತೆ ಅಚ್ಚಾದ ಅರ್ಜಿ ಇದೆ. ಕೊನೆಯಲ್ಲಿ ರಾಜರ ಉತ್ತರ, ಆ ಎರಡನೆಯದು, ಒಳ್ಳೆಯದು. ಸಾವಿರದ ಐನೂರು ಪ್ರತಿ ಒತ್ತಿದ್ದೇವೆ. ಮೂರನೆಯ ದೂರು ನಿನ್ನದು. ಓದಿ ತಳವಾರನ ಮುಖಕ್ಕೆ ಹಿಡಿ. ಮೂಕನಿಗೆ ದಾರಿ ತೋರಿಸು.

ಆಂಬ್ರೋಸ್


ಲಂಡನ್
ಜುಲೈ 2, 1628

ಅಕ್ಕ,

ಹೋದ ಸಲ ಕಳಿಸಿದ ಅಂಗಿಬಟ್ಟೆ ಸರಿಯಾಗಿಲ್ಲ. ಕತ್ತರಿಸಿದವನು ತಪ್ಪು ಮಾಡಿದ್ದಾನೆ. ಯಾರಿಗೂ ತೋರಿಸಬೇಡ, ಒಲೆಗೆ ಹಾಕು. ಬೇರೆ ಬಟ್ಟೆ ಬರುತ್ತದೆ. ನಾನು ಆರೋಗ್ಯ.

ಆಂ.


ಸಾಲ್ಟ್‌ಮೋರ್
ಜುಲೈ 8, 1628

ತಮ್ಮ ಆಂಬ್ರೋಸ್,

ಹಾಳೆ ತಲುಪಿತು. ನಾಲ್ಕು ಸಲ ಓದಿದೆ. ನಮ್ಮೂರ ಹಡಗುಕಟ್ಟೆಯ ಪಕ್ಕ ಕೂತು ಹಾಯಿ ಹೊಲಿಯುವವಳ ಮನೆಯ ವಿಚಾರವನ್ನು ಅಷ್ಟು ದೊಡ್ಡವರು ಅಷ್ಟು ದೊಡ್ಡ ಕಾಗದದಲ್ಲಿ ಬರೆದಿದ್ದಾರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸೀದಾ ಹಂಫ್ರೆಯ ಬಳಿ ಹೋದೆ. ಅವನು ಹಾಳೆಯನ್ನು ತಲೆಕೆಳಗೆ ಹಿಡಿದು ನೋಡಿ, "ರಾಜಮುದ್ರೆ ಥರ ಏನೋ ಇದೆ" ಎಂದು ಹೆದರಿ ನ್ಯಾಯಾಧಿಕಾರಿ ಸರ್ ಲ್ಯೂಕ್ ಹ್ಯಾಮರ್ಟನ್ ಅವರಲ್ಲಿಗೆ ಕರೆದುಕೊಂಡು ಹೋದ. ಸರ್ ಲ್ಯೂಕ್ ಒಳ್ಳೆಯವರು, ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡದೆ ಸೀನುವವರೂ ಅಲ್ಲ. ಎರಡು ಸಲ ಓದಿ, "ಸರಿಯಾಗೇ ಇದೆಯಮ್ಮಾ. ಸೋಮವಾರ ಅವನನ್ನು ಹೊರಡಿಸಿ" ಎಂದರು.

ಈಗ ನಿನಗೆ ಹೇಳದೇ ಇದ್ದದ್ದನ್ನು ಹೇಳುತ್ತೇನೆ. ನಗಬೇಡ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅತ್ತೆ ಮೆರೆಡಿತನ ತೋಳು ಹಿಡಿದು, "ರಾಬಿನ್, ಎಲ್ಲಿ ಹೋಗಿದ್ಯೋ ಇಷ್ಟು ದಿನ?" ಎಂದಳು. ನಾನು ಹೊಲಿಗೆ ಬಿಟ್ಟು ಎದ್ದೆ. ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಅವಳ ಕೈಲಿದ್ದ ಬಟ್ಟಲು ತೆಗೆದುಕೊಂಡು ಒಂದು ಚಮಚ ಗಂಜಿ ಅವಳ ಬಾಯಿಗಿಟ್ಟ. ಅವಳು ತಿಂದಳು. ಅಂದಿನಿಂದ ಅವಳಿಗೆ ಊಟ ಹಾಕುವುದು ಅವನೇ. ಅವನು ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಾನೆ, ಇವಳು ನಮ್ಮದರಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅರ್ಥವಾದಂತೆಯೇ ಇರುತ್ತದೆ. ಅರ್ಥವಾಗದವಳು ನಾನೊಬ್ಬಳೇ.

ಸೋಮವಾರ ಹಂಫ್ರೆ ಬಂದು, "ಏಳಯ್ಯಾ, ನಡಿ" ಎಂದ. ಮೆರೆಡಿತ್ ಗಂಟು ಕಟ್ಟಿಕೊಂಡು ಎದ್ದ. ಅತ್ತೆ ಬೀದಿಯ ಕೊನೆಗೆ ಕೇಳುವಂತೆ ಕಿರುಚಿದಳು. "ನನ್ನ ಮಗನ್ನ ಎತ್ಕೊಂಡ್ ಹೋಗ್ತಾರೆ, ಯಾರಾದ್ರೂ ಬನ್ರಪ್ಪೋ!"

ಆಂಬ್ರೋಸ್, ನಾನು ಅರ್ಜಿಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. "ಹಂಫ್ರೆ, ಇನ್ನು ನಾಲ್ಕು ದಿನ ಇರ್ಲಿ ಬಿಡು." ಅವನು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. "ಬೇಡ ಅಂತ ಪಾರ್ಲಿಮೆಂಟಿನ ಕಾಗದ ತಂದೋಳೂ ನೀನೇ, ಬೇಕು ಅನ್ನೋಳೂ ನೀನೇನಾ?" ಎಂದು ಬೈದುಕೊಂಡು ಹೋದ. ಅವನದೇನು ತಪ್ಪು? ನನಗೇನು ಬೇಕು ಎಂದು ನನಗೇ ತಿಳಿಯದು.

ನಿನ್ನ ಇನ್ನೊಂದು ಚೀಟಿಯೂ ಬಂತು. ಯಾವ ಅಂಗಿಬಟ್ಟೆ? ನೀನು ಬಟ್ಟೆ ಕಳಿಸಿಯೇ ಇಲ್ಲ. ಗಾಡಿಯವನು ಕದ್ದನೇ? ಅವನನ್ನು ಕೇಳಿದರೆ ಬೈಬಲ್ ಮುಟ್ಟಿ ಆಣೆ ಇಡುತ್ತಾನೆ. ಅಥವಾ ನೀನು ಇನ್ನೂ ಆ ಬೆಂಕಿಹಬ್ಬದ ಬಿಯರಿನಲ್ಲೇ ಇದ್ದೀಯೋ?

ಡೋರ್ಕಸ್


ಲಂಡನ್
ಜುಲೈ 15, 1628

ಅಕ್ಕ,

ಗಾಡಿಯವನನ್ನು ಬಿಡು. ಬಟ್ಟೆ ಎಂದರೆ ಬಟ್ಟೆಯಲ್ಲ! ನಾನು ನಿನಗೆ ಒಂದೇ ಒಂದು ವಸ್ತು ಕಳಿಸಿದ್ದೇನೆ. ಅದನ್ನು ಯೋಚಿಸು. ಅದು ಕಪ್ಪು-ಬಿಳುಪು. ಅದನ್ನು ನೀನು ಇಡೀ ಊರಿಗೆ ತೋರಿಸಿ ಬಂದಿದ್ದೀಯ. ದೇವರೇ! ಸುಡು. ಈ ಚೀಟಿಯನ್ನೂ ಸುಡು.

ಆ ಮನುಷ್ಯನನ್ನು ಯಾಕೆ ಇಟ್ಟುಕೊಂಡೆ? ಆ ಬಟ್ಟೆ ಕಳಿಸಿ ನಾನು ಇಲ್ಲಿ ಏನೆಲ್ಲ ಅನುಭವಿಸುತ್ತಿದ್ದೇನೆ, ಗೊತ್ತೆ?

ಆಂ.


ಸಾಲ್ಟ್‌ಮೋರ್
ಆಗಸ್ಟ್ 3, 1628

ಆಂಬ್ರೋಸ್,

ಅರ್ಥವಾಯಿತು. ಸುಡುವುದಿಲ್ಲ.

ಮೊನ್ನೆ ಸರ್ ಲ್ಯೂಕ್ ನನ್ನನ್ನು ಕರೆಸಿಕೊಂಡರು. ಅವರ ಮೇಜಿನ ಮೇಲೆ ಇನ್ನೊಂದು ಅರ್ಜಿ ಇತ್ತು. ಅದೇ ಅಕ್ಷರ, ಅದೇ ಅಂಚಿನ ಬಳ್ಳಿ, ನಿಮ್ಮದೇ ಅಚ್ಚುಕೂಟ. ಆದರೆ ಇದರಲ್ಲಿ ರಾಜರ ಮೊದಲ ಉತ್ತರ ಇದೆ, ಎರಡನೆಯದೂ ಇದೆ, ಅದರ ಹಿಂದೆ ಒಂದು ಉದ್ದದ ಭಾಷಣ. ನಾನು ಯಾವ ಹೊಸ ಹಕ್ಕನ್ನೂ ಕೊಟ್ಟಿಲ್ಲ, ಹಳೆಯದನ್ನೇ ಒಪ್ಪಿದ್ದು ಎಂದು ಅದರಲ್ಲಿ ರಾಜರು ಹೇಳುತ್ತಾರೆ.

"ನೀನು ತಂದ ಹಾಳೆಯನ್ನ ನಾನು ನೋಡಿಲ್ಲ. ನೀನೂ ನೋಡಿಲ್ಲ. ತಿಳೀತಾ?" ಎಂದರು ಸರ್ ಲ್ಯೂಕ್.

"ಹಾಗಾದರೆ ರಾಜರು ಹೌದು ಅಂದದ್ದು ಸುಳ್ಳೇ?"

"ಅಂದದ್ದು ನಿಜ."

"ಹಾಗಾದರೆ ದಂಡು ಮನೆಗೆ ಬರಬಾರದು, ಅಲ್ಲವೇ?"

"ಡೋರ್ಕಸ್, ನಾನು ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ. ಓದಿದ ಮೇಲೆ ಮೊದಲಿಗಿಂತ ಕಮ್ಮಿ ತಿಳಿಯೋ ಕಾಗದ ಇದೇ ಮೊದಲು."

ಯಾವುದು ನಿಜ? ನೀನು ಕಳಿಸಿದ್ದೋ, ಅವರ ಮೇಜಿನ ಮೇಲಿದ್ದದ್ದೋ? ನಿಮ್ಮ ಅಚ್ಚುಕೂಟದಲ್ಲಿ ಸುಳ್ಳು ಹೇಳುವವನು ಯಾರು? ಬಟ್ಟೆ, ಕತ್ತರಿ ಎಂದು ಸುತ್ತಿ ಬಳಸಬೇಡ. ಅಪ್ಪನ ಮಗನಾಗಿ ಬರೆ.

ಡೋರ್ಕಸ್


ಲಂಡನ್
ಆಗಸ್ಟ್ 14, 1628

ಅಕ್ಕ,

ಗಾಡಿಯವನ ಹೆಂಡತಿಯ ಕೈಗೇ ಇದನ್ನು ಕೊಡುತ್ತಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ.

ಸುಳ್ಳು ಹೇಳಿದವನು ನಾನೇ. ಅಥವಾ ನಿಜ ಹೇಳಿದವನೂ ನಾನೇ. ಎರಡು ಹಾಳೆಗೂ ಮೊಳೆ ಜೋಡಿಸಿದ್ದು ಈ ಕೈಗಳೇ.

ಜೂನ್ ಕೊನೆಯಲ್ಲಿ ರಾಜರು ಪಾರ್ಲಿಮೆಂಟನ್ನು ಮನೆಗೆ ಕಳಿಸಿದ ಮರುದಿನ ಅಪ್ಪಣೆ ಬಂತು. ಒತ್ತಿದ ಅಷ್ಟೂ ಪ್ರತಿ ನಾಶವಾಗಬೇಕು, ಹೊಸದಾಗಿ, ಮೊದಲ ಉತ್ತರವನ್ನೂ ಭಾಷಣವನ್ನೂ ಸೇರಿಸಿ ಒತ್ತಬೇಕು. ನಾವು ನಾಲ್ಕು ಜನ ಹಗಲಿಡೀ ಕೂತು ಸಾವಿರದ ಐನೂರು ಹಾಳೆ ಹರಿದೆವು. ಯಜಮಾನ ಎಣಿಸುತ್ತಾ ನಿಂತಿದ್ದ. ಒಂದು ಕಡಿಮೆ ಬಂತು. "ಎಣಿಸೋದ್ರಲ್ಲಿ ತಪ್ಪಿರ್ಬೇಕು" ಎಂದೆ. ಅವನು ನನ್ನ ಮುಖ ನೋಡಿ, "ಹೌದು, ತಪ್ಪಿರ್ಬೇಕು" ಎಂದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಬೇಡವೆಂದ ಹಾಳೆ ಹಂಚಿದವನ ಕಿವಿ ಕತ್ತರಿಸುತ್ತಾರೆ ಇಲ್ಲಿ. ಆ ಹಾಳೆ ಸಿಕ್ಕಿಬಿದ್ದರೆ ಹೋಗುವುದು ನನ್ನ ಕಿವಿಯೊಂದೇ ಅಲ್ಲ.

ಆಮೇಲೆ ಅದೇ ಪೆಟ್ಟಿಗೆಯಿಂದ ಅದೇ ಮೊಳೆ ತೆಗೆದು ಹೊಸದನ್ನು ಜೋಡಿಸಿದೆ. ಕೆಲಸ ಬಿಡುತ್ತೇನೆ ಎಂದು ಹೇಳಲಿಲ್ಲ. ಅರ್ಜಿಯ ಒಂದು ಅಕ್ಷರವನ್ನೂ ಮುಟ್ಟಲಿಲ್ಲ ಎಂಬುದೊಂದೇ ಸಮಾಧಾನ. ಮುಟ್ಟು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಏನು ಮಾಡುತ್ತಿದ್ದೆನೋ, ಅದು ನನಗೆ ಗೊತ್ತಿಲ್ಲ, ಅದೇ ನನ್ನನ್ನು ತಿನ್ನುತ್ತಿದೆ.

ಯಾವುದು ನಿಜವಾದ ಉತ್ತರ ಎಂದು ನನ್ನನ್ನು ಕೇಳಬೇಡ. ರಾಜರು ಎರಡನ್ನೂ ಹೇಳಿದ್ದು ನಿಜ.

ಆಂಬ್ರೋಸ್


ಸಾಲ್ಟ್‌ಮೋರ್
ಸೆಪ್ಟೆಂಬರ್ 5, 1628

ತಮ್ಮ ಆಂಬ್ರೋಸ್,

ಮೊದಲು ಇದು. ನಿನ್ನ ಹಾಳೆ ಈಗ ಇಲ್ಲ. ಸುಟ್ಟೆ. ನಿನ್ನ ಕಿವಿ ನಿನ್ನ ಬಳಿಯೇ ಇರುತ್ತದೆ. ಮುಂದಿನದನ್ನು ಕೂತು ಓದು.

ಡ್ಯೂಕನನ್ನು ಪೋರ್ಟ್ಸ್‌ಮತ್‌ನಲ್ಲಿ ದಂಡಿನವನೊಬ್ಬ ಇರಿದು ಕೊಂದ ಸುದ್ದಿ ನಿಮ್ಮಲ್ಲಿಗೂ ಬಂದಿರುತ್ತದೆ. ಇಲ್ಲಿ ಅಂದಿನಿಂದ ದಂಡಿನ ಅಧಿಕಾರಿಗಳಿಗೆ ಪ್ರತಿ ಸೈನಿಕನ ಕೈಯಲ್ಲೂ ಚಾಕು ಕಾಣುತ್ತದೆ. ಹಡಗು ಏರುವ ಮುನ್ನ ಎಲ್ಲರೂ ಆಗಸ್ಟ್ ಇಪ್ಪತ್ತೊಂಬತ್ತರಂದು ಮೈದಾನದಲ್ಲಿ ಹಾಜರಿರಬೇಕು, ಬಾರದವನನ್ನು ಓಡಿಹೋದವನೆಂದು ಎಣಿಸಿ ನೇಣಿಗೆ ಹಾಕುತ್ತೇವೆ ಎಂದು ಕ್ಯಾಪ್ಟನ್ ಡೆನ್ನಿ ಡಂಗುರ ಹೊಡೆಸಿದ.

ಇಪ್ಪತ್ತೆಂಟರಂದು ಅತ್ತೆಗೆ ಉಸಿರು ಕಟ್ಟತೊಡಗಿತು. ಮರುದಿನ ಬೆಳಿಗ್ಗೆ ನಗಾರಿ ಬಾರಿಸಿದಾಗ ಮೆರೆಡಿತ್ ಎದ್ದು ನಿಂತ. ಅತ್ತೆ ಅವನ ಕೈ ಹಿಡಿದಿದ್ದಳು.

"ಹೋಗು, ಹೋಗಯ್ಯಾ, ನಾನಿದೀನಿ," ಎಂದೆ ನಾನು.

"ಅಮ್ಮ ಬಿಡೋದಿಲ್ಲ," ಎಂದ. "ಕೈ. ಬಿಡೋದಿಲ್ಲ."

ಆ ಎಲುಬಿನ ಕೈಯನ್ನು ಬಿಡಿಸಿಕೊಳ್ಳಲು ಒಂದು ಮಗುವಿನ ಬಲ ಸಾಕಿತ್ತು. ಅವನು ಮತ್ತೆ ಕೂತ. ಹತ್ತು ಗಂಟೆಯ ಹೊತ್ತಿಗೆ ಅತ್ತೆ ಹೋದಳು. "ರಾಬಿನ್, ಬಾಗಿಲು ಹಾಕೋ, ಚಳಿ" ಎಂದದ್ದೇ ಕೊನೆಯ ಮಾತು. ಅವನು ಎದ್ದು ಬಾಗಿಲು ಹಾಕಿ ಬರುವಷ್ಟರಲ್ಲಿ ಮುಗಿದಿತ್ತು. ಅದೇ ಬಾಗಿಲನ್ನು ಮಧ್ಯಾಹ್ನ ಒದ್ದು ತೆಗೆದು ಅವನನ್ನು ಎಳೆದುಕೊಂಡು ಹೋದರು. ಮುಂದೆ ನಿಂತು ಮನೆ ತೋರಿಸಿದವನು ಪಾಸ್ಕೊ. ಅವನು ನನ್ನ ಕಣ್ಣು ತಪ್ಪಿಸಿ, "ನಾನ್ ಹೇಳ್ದೇ ಇದ್ರೆ ನನ್ನನ್ನೂ ಕಟ್ತಿದ್ರು ಯಜಮಾನಿ" ಎಂದ.

ಎರಡನೇ ತಾರೀಖು ದಂಡಿನ ಕಾನೂನಿನಂತೆ ವಿಚಾರಣೆ ಎಂದರು. ವಿಚಾರಣೆ ಬೆಳಿಗ್ಗೆ, ನೇಣು ಮಧ್ಯಾಹ್ನ.

ಹಿಂದಿನ ದಿನ ಅತ್ತೆಯನ್ನು ಮಣ್ಣು ಮಾಡಿ ಬಂದು ನಿನ್ನ ಹಾಳೆಯನ್ನು ಮತ್ತೆ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಈವರೆಗೆ ನನ್ನ ಕಣ್ಣು ಮೂರನೆಯ ದೂರಿಗೆ ಬಂದು ನಿಲ್ಲುತ್ತಿತ್ತು. ನಿನಗೆ ಬೇಕಾಗಿಲ್ಲ ಎಂದಿದ್ದೆಯಲ್ಲ, ಆ ನಾಲ್ಕನೆಯದನ್ನು ಅಂದು ಓದಿದೆ. ಸೈನಿಕರಾಗಲಿ ನಾವಿಕರಾಗಲಿ, ಈ ನೆಲದ ಮೇಲೆ ಯಾರನ್ನೂ ದಂಡಿನ ಕಾನೂನಿನಿಂದ ಕೊಲ್ಲಬಾರದು, ಅಂಥ ಅಧಿಕಾರಪತ್ರಗಳೆಲ್ಲ ರದ್ದಾಗಬೇಕು, ಇನ್ನು ಮುಂದೆ ಕೊಡಲೂಬಾರದು. ಮೂರನೆಯದು ಅವನನ್ನು ಮನೆಯಿಂದ ಹೊರಗೆ ಹಾಕಲು ಇದ್ದರೆ, ಅದರ ಕೆಳಗಿನ ಸಾಲು ಅವನ ಕುತ್ತಿಗೆ ಕಾಯಲು ಇತ್ತು.

ಹಾಳೆ ಹಿಡಿದುಕೊಂಡು ಓಡಬೇಕೆನಿಸಿತು. ಓಡಿದರೆ ನಿನ್ನ ಗತಿ? ಬೆಳಿಗ್ಗೆ ತನಕ ಒಂದು ಕಡೆ ನೀನು, ಒಂದು ಕಡೆ ಅವನು. ಬೆಳಿಗ್ಗೆ ಅದನ್ನು ಒಲೆಗೆ ಹಾಕಿದೆ. ನನ್ನನ್ನು ಹೊಗಳಬೇಡ, ಹಾಕಿದ ತಕ್ಷಣ ಕೈ ಒಲೆಯೊಳಗೆ ಹೋಗಿತ್ತು. ಬೆರಳು ಇನ್ನೂ ಉರಿಯುತ್ತಿದೆ. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಾಗ ಹೊಳೆಯಿತು. ಉತ್ತರಗಳು ತಾನೇ ಬೇರೆ ಬೇರೆ? ಅರ್ಜಿ ಎರಡರಲ್ಲೂ ಒಂದೇ ಅಲ್ಲವೇ? ಒಂದು ಅಕ್ಷರವನ್ನೂ ಮುಟ್ಟಿಲ್ಲ ಎಂದು ನೀನೇ ಬರೆದಿದ್ದೆ.

ಸರ್ ಲ್ಯೂಕ್ ತಿಂಡಿ ತಿನ್ನುತ್ತಿದ್ದರು. "ನಿಮ್ಮ ಹಾಳೆ ತಗೊಂಡು ಬನ್ನಿ ಸ್ವಾಮಿ, ಒಬ್ಬ ಮನುಷ್ಯನ್ನ ಕೊಲ್ತಾರೆ" ಎಂದೆ. ಅವರಿಗೆ ಬರಲು ಇಷ್ಟವಿರಲಿಲ್ಲ. ಬಂದರು. ಯಾಕೆ ಬಂದರೋ ಅವರಿಗೂ ತಿಳಿದಿರಲಿಕ್ಕಿಲ್ಲ, ಎದೆಯ ಮೇಲಿನ ಕರವಸ್ತ್ರವನ್ನೂ ತೆಗೆದಿರಲಿಲ್ಲ.

ಉಗ್ರಾಣದ ಮುಂದೆ ಮೇಜು ಹಾಕಿ ಕ್ಯಾಪ್ಟನ್ ಡೆನ್ನಿ ಮತ್ತಿಬ್ಬರು ಕೂತಿದ್ದರು. ಮೆರೆಡಿತನ ಕೈ ಕಟ್ಟಿತ್ತು. ಅವನಿಗೆ ಯಾರೂ ಅವನ ಭಾಷೆಯಲ್ಲಿ ಏನೂ ಹೇಳಿರಲಿಲ್ಲ. ಸರ್ ಲ್ಯೂಕ್ ನಾಲ್ಕನೆಯ ದೂರನ್ನು ಓದಿದರು. ದನಿ ಸಣ್ಣದಾಗಿತ್ತು, ಆದರೆ ಓದಿದರು.

"ಕೆಳಗಡೆ ರಾಜರ ಉತ್ತರ ಇದೆಯಲ್ಲ, ಅದನ್ನೂ ಓದಿ," ಎಂದ ಡೆನ್ನಿ. "ಕಾನೂನು ಸಂಪ್ರದಾಯದಂತೆ ಅಂತ ಇದೆ. ದಂಡಿಗೆ ದಂಡಿನ ಕಾನೂನೇ ಸಂಪ್ರದಾಯ."

"ಅದರ ಕೆಳಗೆ ಇನ್ನೊಂದಿದೆ," ಎಂದೆ ನಾನು. "ಕೇಳಿದಂತೆಯೇ ಆಗಲಿ ಅಂತ."

"ಹಾಯಿ ಹೊಲಿಯೋಳಿಗೆ ಇಲ್ಲೇನು ಕೆಲಸ?"

"ಒಂದೇ ಕೆಲಸ ಸ್ವಾಮಿ. ಒಂದು ಉತ್ತರ ಹೌದು ಅನ್ನುತ್ತೆ. ಇನ್ನೊಂದು ಏನನ್ನುತ್ತೋ ಯಾರಿಗೂ ತಿಳೀದು. ಅರ್ಜಿ ಒಪ್ಪೋದಿಲ್ಲ, ಕೊಲ್ಲಿ ಅಂತ ರಾಜರು ಎಲ್ಲಿ ಅಂದಿದಾರೆ? ಅಷ್ಟು ತೋರಿಸಿಬಿಡಿ, ನಾನು ಹೋಗ್ತೀನಿ."

ಡೆನ್ನಿ ಹಾಳೆ ಕಿತ್ತುಕೊಂಡು ಓದಿದ. ಭಾಷಣವನ್ನೂ ಓದಿದ. ಹಿಂದಿನ ಪುಟಕ್ಕೆ ಹೋದ, ಮುಂದಿನದಕ್ಕೆ ಬಂದ. ಅವನ ಪಕ್ಕದವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

"ನೀವೇ ಹೇಳಿ, ಸರ್ ಲ್ಯೂಕ್. ಇದು ಕಾನೂನು ಹೌದೋ ಅಲ್ಲವೋ?" ಎಂದ ಡೆನ್ನಿ.

"ನನಗೆ ಗೊತ್ತಿಲ್ಲ, ಕ್ಯಾಪ್ಟನ್. ಅಲ್ಲ ಅಂತಾದರೆ ಈ ಹೆಂಗಸು ನಿಮ್ಮ ಸಮಯ ಹಾಳು ಮಾಡಿದಳು, ಅಷ್ಟೇ. ಹೌದು ಅಂತಾದರೆ, ಇವನನ್ನ ನೇಣಿಗೆ ಹಾಕಿದ್ದು ಕೊಲೆ. ನಾಳೆ ನಿಮ್ಮನ್ನ ನನ್ನ ಮುಂದೆಯೇ ನಿಲ್ಲಿಸಬೇಕಾಗುತ್ತೆ. ರುಜು ಹಾಕೋದಾದರೆ ಹಾಕಿ. ನಾನು ಸಾಕ್ಷಿಗೆ ಇರ್ತೀನಿ."

ಡೆನ್ನಿ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಮಸಿ ಒಣಗುವ ತನಕ ಹಿಡಿದುಕೊಂಡೇ ಇದ್ದ. ಆಮೇಲೆ ಪಕ್ಕದವನ ಕಡೆ ಚಾಚಿದ. ಅವನು, "ನೀವೇ ಹಿರಿಯರು" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡ.

ಕೊನೆಗೆ, ಲಂಡನ್ನಿಗೆ ಬರೆದು ಕೇಳೋಣ, ಅಲ್ಲಿಯವರೆಗೆ ಊರ ಸೆರೆಮನೆಯಲ್ಲಿರಲಿ ಎಂದರು. ಹಡಗುಗಳು ಎರಡು ದಿನದಲ್ಲಿ ಹೊರಡುತ್ತವೆ. ಮುಂದೇನೋ ತಿಳಿಯದು. ನಾನು ಬ್ರೆಡ್ಡು ತೆಗೆದುಕೊಂಡು ಹೋದಾಗ ಅವನು, "ಹೌದಾ? ಅಲ್ವಾ?" ಎಂದು ಕೇಳಿದ. ಯಾವುದರ ಬಗ್ಗೆ ಕೇಳಿದನೋ! ನಾನು ಹೌದು ಎಂದೆ.

ಡೋರ್ಕಸ್


ಲಂಡನ್
ಸೆಪ್ಟೆಂಬರ್ 15, 1628

ಪ್ರೀತಿಯ ಅಕ್ಕ,

ಮೂರು ಸಲ ಓದಿದೆ. ಮೊದಲ ಸಲ ಓದುವಾಗ ನನ್ನ ಹೆಸರು ಎಲ್ಲಾದರೂ ಬಂತೇ ಎಂದಷ್ಟೇ ಹುಡುಕಿದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎರಡನೇ ಸಲ ನಿನ್ನ ಅತ್ತೆಗಾಗಿ ಕಣ್ಣೀರು ಹಾಕಿದೆ. ಮೂರನೇ ಸಲ ನಾನು ನಾಚಿಕೆಯಿಂದ ಜೋಡಿಸಿದ ಹಾಳೆಯನ್ನು ಒಬ್ಬ ಮುದುಕ ನಿನ್ನೂರಿನ ಉಗ್ರಾಣದ ಮುಂದೆ ಗಟ್ಟಿಯಾಗಿ ಓದುತ್ತಿರುವುದು ಕಣ್ಣಿಗೆ ಕಟ್ಟಿತು. ಅಚ್ಚುಕೂಟದಿಂದ ಹೊರಗೆ ಹೋಗಿ ಗಾಳಿ ಕುಡಿದು ಬಂದೆ.

ನಮ್ಮಲ್ಲಿಗೆ ಬರುವ ವಕೀಲರೊಬ್ಬರನ್ನು ಹೀಗೇ ಸುಮ್ಮನೆ ಎಂಬಂತೆ ಕೇಳಿದೆ. "ಸ್ವಾಮಿ, ಆ ಅರ್ಜಿ ಈಗ ಕಾನೂನೇ?" ಅವರು, "ಯಾರು ಕೇಳ್ತಾರೆ ಅನ್ನೋದರ ಮೇಲಿದೆ" ಎಂದರು. "ರಾಜರು ಕೇಳಿದರೆ?" "ಅಲ್ಲ." "ನೇಣಿನ ಕೆಳಗೆ ನಿಂತವನು ಕೇಳಿದರೆ?" ಅವರು ನಕ್ಕು, "ಅವನ ಮೊಮ್ಮಕ್ಕಳು ಕೇಳಲಿ, ಅಷ್ಟರಲ್ಲಿ ಗೊತ್ತಾಗಿರುತ್ತೆ" ಎಂದು ಹೋದರು.

ಮೂಕನನ್ನು ನಂಬಬಾರದು ಎಂದು ಬರೆದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವನ ಸಂಗತಿ ಏನಾಯಿತು ಬರೆ. ಊರಿನಲ್ಲಿ ದಂಡು ಖಾಲಿಯಾಯಿತಲ್ಲ, ಈಗಲಾದರೂ ಮನೆಯಲ್ಲಿ ನೀನೊಬ್ಬಳೇ ನೆಮ್ಮದಿಯಾಗಿರು.

ಆಂಬ್ರೋಸ್


ಸಾಲ್ಟ್‌ಮೋರ್
ಅಕ್ಟೋಬರ್ 9, 1628

ತಮ್ಮ ಆಂಬ್ರೋಸ್,

ದಂಡು ಹೋಯಿತು. ಡೆನ್ನಿಯೂ ಹೋದ, ಪಾಸ್ಕೊನೂ ಹೋದ. ಪಾಸ್ಕೊ ಹಡಗಿನ ಮೇಲಿಂದ ನನಗೆ ಕೈ ಬೀಸಿದ. ಬೈಯಬೇಕೆಂದು ಬಾಯಿ ತೆರೆದವಳು ನಾನೂ ಬೀಸಿದೆ. ಬದುಕಿ ಬರಲಿ, ಕೋಳಿಯ ಲೆಕ್ಕ ಆಮೇಲೆ.

ನೀನು ಹೇಳಿದಂತೆ ಮನೆಯಲ್ಲಿ ನಾನೊಬ್ಬಳೇ ನೆಮ್ಮದಿಯಾಗಿದ್ದೆ. ಎಂಥ ನೆಮ್ಮದಿ ಅದು! ಅತ್ತೆಯ ಕುರ್ಚಿ ಖಾಲಿ, ಒಲೆಯ ಪಕ್ಕ ಖಾಲಿ. ಮೂರು ಜನಕ್ಕೆ ಗಂಜಿ ಮಾಡಿ ಎರಡು ದಿನ ನಾನೇ ತಿನ್ನುತ್ತಿದ್ದೆ.

ಲಂಡನ್ನಿನಿಂದ ಸರ್ ಲ್ಯೂಕ್‌ಗೆ ಉತ್ತರ ಬರಲೇ ಇಲ್ಲ. ಎರಡನೇ ಸಲ ಬರೆದರು, ಅದಕ್ಕೂ ಇಲ್ಲ. ಹೋದ ವಾರ ಹಂಫ್ರೆ ಬೀಲ್ ಅವರಲ್ಲಿಗೆ ಹೋಗಿ, "ಸ್ವಾಮಿ, ಆ ವೇಲ್ಸಿನವನ್ನ ಯಾವ ಕಾರಣಕ್ಕೆ ಒಳಗಿಟ್ಟಿದೀವಿ ಅಂತ ಪುಸ್ತಕದಲ್ಲಿ ಏನು ಬರೀಲಿ?" ಎಂದು ಕೇಳಿದನಂತೆ. ಸರ್ ಲ್ಯೂಕ್, "ಕಾರಣ ಇಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು ಅಂತ ಎಲ್ಲೋ ಓದಿದೀನಿ" ಎಂದರಂತೆ. ಅದು ಎರಡನೆಯ ದೂರು. ಆಂಬ್ರೋಸ್, ಆ ಅರ್ಜಿಯಲ್ಲಿ ನನಗೆ ಬೇಡವಾದ ಸಾಲು ಒಂದೂ ಇಲ್ಲವಲ್ಲೋ!

ಮೊನ್ನೆ ಮಂಗಳವಾರ ಮಧ್ಯಾಹ್ನ ಹೊಲಿಗೆಯಲ್ಲಿದ್ದೆ. ತಲೆ ಎತ್ತಿದರೆ ಅವನು ಅಂಗಳದಲ್ಲಿ ನಿಂತಿದ್ದಾನೆ. ಬಾಗಿಲು ತೆರೆದೇ ಇತ್ತು, ಆದರೂ ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ದಂಡಿನ ಅಂಗಿ ಇರಲಿಲ್ಲ, ಯಾರೋ ಕೊಟ್ಟ ಹಳೆಯ ಕೋಟು ಹಾಕಿದ್ದ. ಮುಖ ಬಿಳುಚಿಕೊಂಡಿತ್ತು.

ಹತ್ತು ತಿಂಗಳಿಂದ ಈ ಮನುಷ್ಯನನ್ನು ಹೊರಗೆ ಹಾಕಲು ಒದ್ದಾಡಿದೆ, ಇಟ್ಟುಕೊಳ್ಳಲು ಒದ್ದಾಡಿದೆ, ಉಳಿಸಲು ಒದ್ದಾಡಿದೆ. ಇವನು ನನಗೆ ಏನಾಗಬೇಕು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಅತ್ತೆಯೂ ಈಗಿಲ್ಲ, ಅವಳ ನೆಪವೂ ಇಲ್ಲ. ಊರಿನವರು ಏನನ್ನುತ್ತಾರೋ. ನೀನು ಏನನ್ನುತ್ತೀಯೋ.

"ಯಾರು ಕಳಿಸಿದ್ರು?" ಎಂದು ಕೇಳಿದೆ. ಅದೊಂದೇ ಬಾಯಿಗೆ ಬಂದದ್ದು.

ಅವನು ಸರಿಯಾದ ಮಾತಿಗಾಗಿ ಹುಡುಕಿದ. ಅವನ ಬಳಿ ಇರುವುದೇ ಹತ್ತಿಪ್ಪತ್ತು ಮಾತು.

"ಯಾರೂ ಇಲ್ಲ," ಎಂದ. "ನಾನು."

"ಹಾಗಾದ್ರೆ ಒಳಗೆ ಬಾ," ಎಂದೆ.

ನಿನ್ನ ಅಕ್ಕ
ಡೋರ್ಕಸ್